ಸ್ಕ್ರೀನ್‌ಸೇವರ್ ಯಾಕ ಬರವಲ್ದು? ಆಳಂದ, ಅಫಜಲಪುರ, ಜೇವರ್ಗಿಯಲ್ಲಿ ನಾವು ಕಲಿತ ಪಾಠ

ಹಾಸ್ಟೆಲ್‌ನಲ್ಲಿ ನಮ್ಮನ್ನು ಯಾರೂ ಹೆಸರು ಹಿಡಿದು ಕರೆಯೋದಿಲ್ಲ. ಆಳಂದ, ಅಫಜಲಪುರ, ಜೇವರ್ಗಿ ಅಂತಲೇ ಕರೀತಾರೆ. ಮೂರೂ ಕಲಬುರಗಿ ಜಿಲ್ಲೆಯ ತಾಲ್ಲೂಕುಗಳು, ಮೂವರೂ ಒಂದೇ ರೂಮು. ಈ ಸಲ ಸೆಮಿಸ್ಟರ್ ರಜೆ ಎಳ್ಳಮಾಸಿ ಹಬ್ಬದ ಹೊತ್ತಿಗೇ ಬಂತು. ಒಬ್ಬರ ಊರಿಗೆ ಒಬ್ಬರು ಹೋಗಬೇಕು, ಹೊಲದಲ್ಲಿ ಕೂತು ಸಜ್ಜಿ ರೊಟ್ಟಿ, ಭಜ್ಜಿ ಪಲ್ಲೆ ಉಣ್ಣಬೇಕು ಅನ್ನೋದಷ್ಟೇ ನಮ್ಮ ಪ್ಲ್ಯಾನ್ ಆಗಿತ್ತು. ಆದ್ರೆ ಇಂಜಿನಿಯರಿಂಗ್ ಓದೋ ಹುಡುಗರು ಊರಿಗೆ ಬಂದ್ರೆ ಏನಾಗುತ್ತೆ ನಿಮಗೂ ಗೊತ್ತು. "ತಮ್ಮಾ, ಕಂಪ್ಯೂಟರ್ ಓದ್ತಿ ಅಲ್ಲಾ, ಜರಾ ಇದನ್ನ ನೋಡು" ಅಂತ ಕರೀತಾರೆ. ಮೂರು ಊರಲ್ಲೂ ಕರೆದರು. ವಿಚಿತ್ರ ಏನಂದ್ರೆ, ಮೂರು ಕಡೆಯೂ ದೂರು ಒಂದೇ: ಸ್ಕ್ರೀನ್‌ಸೇವರ್ ಬರವಲ್ದು.

ಮೊದಲು ನಕ್ಕೆವು. ಸ್ಕ್ರೀನ್‌ಸೇವರ್ ಬರದಿದ್ರೆ ಏನು ಮುಳುಗಿ ಹೋಗುತ್ತೆ ಅನಿಸಿತು. ಆಮೇಲೆ ಮೂರು ಕಡೆಯೂ ಮೂರು ಬೇರೆ ಕಾರಣ ಸಿಕ್ಕವು, ಮೂರು ಕಡೆಯೂ ನಾವು ಅಂದ್ಕೊಂಡಿದ್ದಕ್ಕಿಂತ ದೊಡ್ಡ ವಿಷಯ ಅದರ ಹಿಂದೆ ಇತ್ತು. ಅದನ್ನೇ ಪಾಠದ ಥರ ಇಲ್ಲಿ ಬರೀತಿದ್ದೇವೆ. ರಜೆಗೆ ಊರಿಗೆ ಹೋದಾಗ ನಿಮ್ಮನ್ನೂ ಯಾರಾದ್ರೂ ಕರೀತಾರೆ, ಆಗ ಕೆಲಸಕ್ಕೆ ಬರಲಿ.

ಮೊದಲು, ಇದು ಯಾಕೆ ಹುಟ್ಟಿತು?

ಹಳೇ ಡಬ್ಬಾ ಮಾನಿಟರ್ ನೆನಪಿದೆಯಾ? ಹಿಂದೆ ಉದ್ದ ಬೆನ್ನು ಇರ್ತಿತ್ತಲ್ಲ, ಸಿಆರ್‌ಟಿ. ಅದರ ಗಾಜಿನ ಒಳಗಡೆ ಫಾಸ್ಫರ್ ಅನ್ನೋ ಲೇಪನ ಇರುತ್ತೆ. ಎಲೆಕ್ಟ್ರಾನ್ ಕಿರಣ ಬಡಿದಾಗ ಅದು ಹೊಳೆಯುತ್ತೆ. ಒಂದೇ ಚಿತ್ರ ಗಂಟೆಗಟ್ಟಲೆ, ದಿನಗಟ್ಟಲೆ ನಿಂತರೆ ಆ ಜಾಗದ ಫಾಸ್ಫರ್ ಬೇರೆ ಕಡೆಗಿಂತ ಹೆಚ್ಚು ಸವೆದು, ಮಾನಿಟರ್ ಆಫ್ ಮಾಡಿದ್ರೂ ಚಿತ್ರದ ನೆರಳು ಕಾಣಿಸುತ್ತಿತ್ತು. ಇದಕ್ಕೆ ಬರ್ನ್-ಇನ್ ಅಂತಾರೆ. ಇದನ್ನು ತಪ್ಪಿಸಲು ಜಾನ್ ಸೋಚಾ ಅನ್ನುವವರು ಐಬಿಎಂ ಪಿಸಿಗೆ ಒಂದು ಚಿಕ್ಕ ಪ್ರೋಗ್ರಾಂ ಬರೆದು, 1983ರ ಡಿಸೆಂಬರ್‌ನಲ್ಲಿ ಸಾಫ್ಟಾಕ್ ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದರು. ಸ್ವಲ್ಪ ಹೊತ್ತು ಯಾರೂ ಕೀ ಒತ್ತದಿದ್ದರೆ ಪರದೆ ಕಪ್ಪಾಗೋದು, ಅಷ್ಟೇ ಅದರ ಕೆಲಸ. ಆಮೇಲೆ 1989ರಲ್ಲಿ ಆಫ್ಟರ್ ಡಾರ್ಕ್ ಬಂತು. ರೆಕ್ಕೆ ಕಟ್ಟಿಕೊಂಡು ಹಾರುವ ಟೋಸ್ಟರ್‌ಗಳು ಅದರಿಂದಲೇ ಫೇಮಸ್ ಆದವು.

ಈಗಿನ ಎಲ್‌ಸಿಡಿ ಮಾನಿಟರ್‌ನಲ್ಲಿ ಫಾಸ್ಫರ್ ಸವೆಯುವ ಆ ಸಮಸ್ಯೆ ಇಲ್ಲ. ಒಎಲ್‌ಇಡಿಯಲ್ಲಿ ಮಾತ್ರ ಪಿಕ್ಸೆಲ್‌ಗಳು ಹೆಚ್ಚುಕಮ್ಮಿ ಸವೆದು ನೆರಳು ಉಳಿಯುವ ಭಯ ಇನ್ನೂ ಇದೆ. ಹಾಗಾಗಿ ವಿಂಡೋಸ್ 10 ಮತ್ತು 11ರಲ್ಲಿ ಸ್ಕ್ರೀನ್‌ಸೇವರ್ ಮೊದಲಿಂದಲೇ 'ನನ್' ಅಂತ ಇರುತ್ತೆ. ನಾವೇ ಹೋಗಿ ಆರಿಸಬೇಕು. ಎಷ್ಟೋ ಜನರ ದೂರು ಇಲ್ಲೇ ಮುಗಿಯುತ್ತೆ: ಹೊಸ ಕಂಪ್ಯೂಟರ್ ತಂದಿರ್ತಾರೆ, ಹಳೇದರಲ್ಲಿ ಬರ್ತಿದ್ದ ಬಬಲ್ಸ್ ಇದರಲ್ಲಿ ಬರಲ್ಲ. ಕೆಟ್ಟಿರೋದಿಲ್ಲ, ಯಾರೂ ಆನ್ ಮಾಡಿರೋದಿಲ್ಲ.

ಅದು ಒಳಗೆ ಹೇಗೆ ಶುರುವಾಗುತ್ತೆ?

ಇದು ಗೊತ್ತಾದ್ರೆ ಅರ್ಧ ರಿಪೇರಿ ಆದಂಗೆ. ನೀವು ಕೀ ಒತ್ತಿದಾಗ ಅಥವಾ ಮೌಸ್ ಅಲ್ಲಾಡಿಸಿದಾಗ ವಿಂಡೋಸ್ ಆ ಸಮಯವನ್ನು ಗುರುತು ಹಾಕಿಕೊಳ್ಳುತ್ತೆ. ಈಗಿನ ಸಮಯದಿಂದ ಆ ಕೊನೇ ಇನ್‌ಪುಟ್‌ನ ಸಮಯ ಕಳೆದರೆ ಸಿಗೋದು ಐಡಲ್ ಟೈಮ್. ಅದು ನೀವು ಕೊಟ್ಟ ಗಡುವನ್ನು ದಾಟಿದಾಗ, ಮುಂದೆ ತೆರೆದಿರುವ ವಿಂಡೋಗೆ 'ಸ್ಕ್ರೀನ್‌ಸೇವರ್ ಶುರು ಮಾಡಲಾ?' ಅನ್ನೋ ಒಂದು ಮೆಸೇಜ್ ಹೋಗುತ್ತೆ. ಆ ಪ್ರೋಗ್ರಾಂ ತಡೆಯದಿದ್ದರೆ ಸೇವರ್ ಶುರು.

ಸೇವರ್ ಅನ್ನೋದು ಬೇರೆ ಏನಲ್ಲ, ಒಂದು ಸಾಮಾನ್ಯ ಪ್ರೋಗ್ರಾಂ ಫೈಲ್. ಕೊನೆಯಲ್ಲಿ ಡಾಟ್ ಇಎಕ್ಸ್‌ಇ ಬದಲು ಡಾಟ್ ಎಸ್‌ಸಿಆರ್ ಅಂತ ಇರುತ್ತೆ. ವಿಂಡೋಸ್ ಜೊತೆ ಬರುವಂಥವು ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್‌ನೊಳಗೆ ಸಿಸ್ಟಂ32ರಲ್ಲಿ ಇರುತ್ತವೆ.

ಅಂದ್ರೆ ಮೂರು ಕೊಂಡಿಗಳ ಸರಪಳಿ ಇದು. ಒಂದು, ಅನುಮತಿ: ಸೇವರ್ ಓಡಲು ಬಿಟ್ಟಿದ್ದಾರಾ? ಎರಡು, ಸಮಯ: ಐಡಲ್ ಟೈಮ್ ಗಡುವಿನವರೆಗೆ ಬೆಳೀತಾ ಇದೆಯಾ? ಮೂರು, ಸೇವರ್ ತಾನೇ: ಫೈಲ್ ಇದೆಯಾ, ಅದಕ್ಕೆ ಬೇಕಾದ್ದು ಸಿಗ್ತಿದೆಯಾ?

ಯಾವ ಕೊಂಡಿ ಕಳಚಿದೆ ಅಂತ ತಿಳಿಯಲು ಒಂದೇ ಬಟನ್ ಸಾಕು: ಪ್ರಿವ್ಯೂ. ಸ್ಟಾರ್ಟ್ ಒತ್ತಿ 'ಸ್ಕ್ರೀನ್ ಸೇವರ್' ಅಂತ ಹುಡುಕಿದ್ರೆ ಹಳೇ ಕಾಲದ ಒಂದು ಚಿಕ್ಕ ಕಿಟಕಿ ತೆರೆಯುತ್ತೆ. ಅದರಲ್ಲಿ ಪ್ರಿವ್ಯೂ ಇದೆ. ಪ್ರಿವ್ಯೂ ಒತ್ತಿದಾಗ ಚೆನ್ನಾಗಿ ಬಂದ್ರೆ ಮೂರನೇ ಕೊಂಡಿ ಸರಿ ಇದೆ, ತಪ್ಪು ಸಮಯದಲ್ಲಿದೆ. ಪ್ರಿವ್ಯೂನಲ್ಲೂ ಸರಿಯಾಗಿ ಬರದಿದ್ರೆ ತಪ್ಪು ಸೇವರ್‌ನಲ್ಲೇ ಇದೆ. ಬಟನ್ ಒತ್ತಲಿಕ್ಕೇ ಆಗದಂತೆ ಬೂದು ಬಣ್ಣ ಆಗಿದ್ರೆ ಅನುಮತಿ ಇಲ್ಲ. ಇದನ್ನು ನಾವು ಮೊದಲೇ ತಿಳಿದು ಹೋಗಿರಲಿಲ್ಲ, ಮೂರು ಊರು ಸುತ್ತಿದ ಮೇಲೆ ಅರ್ಥ ಆಯ್ತು. ಯಾಕಂದ್ರೆ ಮೂರು ಊರಲ್ಲಿ ಮೂರೂ ಥರ ಆಗಿತ್ತು.

ಆಳಂದ: ಪ್ರಿವ್ಯೂ ಬರ್ತದ, ತಾನಾಗೇ ಬರಲ್ಲ

ಆಳಂದದ ಗೆಳೆಯನ ಮಾಮಾ ಒಂದು ಆನ್‌ಲೈನ್ ಅರ್ಜಿ ಹಾಕುವ ಅಂಗಡಿ ಇಟ್ಟಿದ್ದಾರೆ. ಸ್ಕಾಲರ್‌ಶಿಪ್, ಪಹಣಿ, ಬೆಳೆ ವಿಮೆ, ಪೆನ್ಷನ್, ಎಲ್ಲದಕ್ಕೂ ಸುತ್ತಲ ಹಳ್ಳಿಯವರು ಅಲ್ಲಿಗೇ ಬರ್ತಾರೆ. ಒಂದು ಕಂಪ್ಯೂಟರ್, ಒಂದು ಗಾಜಿನ ಟೇಬಲ್, ಅದೇ ಟೇಬಲ್ ಮೇಲೆ ಝೆರಾಕ್ಸೂ ಮಾಡುವ ಪ್ರಿಂಟರ್.

ನಾವು ಹೋಗುವ ವಾರದ ಹಿಂದೆ ಒಂದು ಘಟನೆ ಆಗಿತ್ತು. ಒಬ್ಬ ಮುತ್ಯಾ ಪೆನ್ಷನ್ ಕೆಲಸಕ್ಕೆ ಬಂದಿದ್ದರು. ಅವರ ಆಧಾರ್, ಬ್ಯಾಂಕ್ ಪಾಸ್‌ಬುಕ್ ಎರಡೂ ಸ್ಕ್ಯಾನ್ ಆಗಿ ಪರದೆ ಮೇಲಿದ್ದವು. ಸರ್ವರ್ ಸ್ಲೋ ಇತ್ತು ಅಂತ ಮಾಮಾ ಚಹಾಕ್ಕೆ ಹೋದರು. ವಾಪಸ್ ಬಂದಾಗ ಗುರುತಿಲ್ಲದ ಒಬ್ಬ ಹುಡುಗ ಆ ಪರದೆಯ ಫೋಟೋ ಮೊಬೈಲ್‌ನಲ್ಲಿ ತೆಗೀತಾ ಇದ್ದ. ಮಾಮಾ ಜಗಳ ಮಾಡಿ ಎದುರಿಗೇ ಡಿಲೀಟ್ ಮಾಡಿಸಿದರು. ಆದ್ರೆ ಮುತ್ಯಾ ಹೇಳಿದ ಮಾತು ಅವರಿಗೆ ಚುಚ್ಚಿತ್ತು: "ನನಗ ಓದಕ್ಕ ಬರಲ್ಲಪ್ಪಾ. ನಿನ್ ಮ್ಯಾಲ ನಂಬಿಕಿ ಇಟ್ಟು ಕೊಟ್ಟೀನಿ."

ಮಾಮಾ ಅವತ್ತೇ 5 ನಿಮಿಷಕ್ಕೆ ಸ್ಕ್ರೀನ್‌ಸೇವರ್ ಇಟ್ಟು, ವಾಪಸ್ ಬರುವಾಗ ಪಾಸ್‌ವರ್ಡ್ ಕೇಳುವಂತೆ ಟಿಕ್ ಹಾಕಿದ್ದರು. ಆದ್ರೆ ಅದು ಒಮ್ಮೆಯೂ ತಾನಾಗಿ ಬಂದಿರಲಿಲ್ಲ. ಪ್ರಿವ್ಯೂ ಒತ್ತಿದ್ರೆ ಮಾತ್ರ ಚೆಂದ ಬರುತ್ತಿತ್ತು.

ನಾವು ಮೊದಲು ಅನುಮಾನ ಪಟ್ಟಿದ್ದು ಬ್ರೌಸರ್ ಮೇಲೆ. ವಿಡಿಯೋ ಓಡಿಸುವ ಪ್ರೋಗ್ರಾಂಗಳು 'ಪರದೆ ಆರಿಸಬೇಡ' ಅಂತ ವಿಂಡೋಸ್‌ಗೆ ಬೇಡಿಕೆ ಇಡುತ್ತವೆ. ಸಿನಿಮಾ ನೋಡುವಾಗ ಮಧ್ಯೆ ಪರದೆ ಆರಬಾರದಲ್ಲ, ಅದಕ್ಕೆ. ಯಾರು ಬೇಡಿಕೆ ಇಟ್ಟಿದ್ದಾರೆ ಅಂತ ನೋಡಲು ಒಂದು ಕಮ್ಯಾಂಡ್ ಇದೆ. ಕಮ್ಯಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಪವರ್ ಅಂತ ಬರೆದು ಅದಕ್ಕೆ ಅಂಟಿಸಿ ಸಿ, ಎಫ್, ಜಿ ಅಕ್ಷರ ಹಾಕಿ, ಒಂದು ಸ್ಪೇಸ್ ಬಿಟ್ಟು, ಸ್ಲ್ಯಾಶ್ ಹಾಕಿ ರಿಕ್ವೆಸ್ಟ್ಸ್ ಅಂತ ಬರೆಯಿರಿ. ಡಿಸ್‌ಪ್ಲೇ ಅನ್ನೋ ಸಾಲಿನ ಕೆಳಗೆ ಹೆಸರು ಬಂದ್ರೆ ಅದೇ ಕಳ್ಳ. ನಮಗೆ ಬ್ರೌಸರ್ ಹೆಸರು ಬಂತು. ಹಿಂದಿನ ಟ್ಯಾಬ್‌ನಲ್ಲಿ ಯಾರೋ ಹಾಡು ಹಚ್ಚಿ ಸೌಂಡ್ ತೆಗೆದಿದ್ದರು, ವಿಡಿಯೋ ಸುಮ್ಮನೆ ಓಡ್ತಾ ಇತ್ತು. ಮುಚ್ಚಿದೆವು. ಕಳ್ಳ ಸಿಕ್ಕ ಅಂತ ಖುಷಿಯಾಗಿ ಮಾಮಾಗೆ ಚಹಾ ಹೇಳಿ ಅಂದೆವು.

ಚಹಾ ಮುಗೀತು, ಸ್ಕ್ರೀನ್‌ಸೇವರ್ ಬರಲಿಲ್ಲ. ಒಂದು ಕಾರಣ ಸಿಕ್ಕಿತು ಅಂದ್ರೆ ಅದೊಂದೇ ಕಾರಣ ಅಂತ ಅರ್ಥ ಅಲ್ಲ. ಇದು ನಮ್ಮ ಮೊದಲ ಪಾಠ.

ಆಮೇಲೆ ಊಹೆ ಬಿಟ್ಟು ಅಳತೆ ಮಾಡೋಣ ಅಂದುಕೊಂಡೆವು. ವಿಂಡೋಸ್‌ನಲ್ಲಿ ಗೆಟ್‌ಲಾಸ್ಟ್‌ಇನ್‌ಪುಟ್‌ಇನ್ಫೋ ಅನ್ನೋ ಫಂಕ್ಷನ್ ಇದೆ. ಕೊನೇ ಇನ್‌ಪುಟ್ ಯಾವಾಗ ಬಂತು ಅಂತ ಮಿಲಿಸೆಕೆಂಡ್‌ನಲ್ಲಿ ಹೇಳುತ್ತೆ. ಅದನ್ನು ಗೆಟ್‌ಟಿಕ್‌ಕೌಂಟ್‌ನಿಂದ ಕಳೆದು, ಸಾವಿರದಿಂದ ಭಾಗಿಸಿ, ಸೆಕೆಂಡಿಗೊಮ್ಮೆ ಪ್ರಿಂಟ್ ಮಾಡುವ ಪುಟ್ಟ ಪ್ರೋಗ್ರಾಂ ಬರೆದೆವು. ಹತ್ತು ಹನ್ನೆರಡು ಸಾಲು, ಫಸ್ಟ್ ಇಯರ್ ಸಿ ಗೊತ್ತಿದ್ದರೆ ಸಾಕು. ಪರದೆ ಮೇಲೆ ಅಂಕಿ ಏರತೊಡಗಿತು. ಒಂದು, ಎರಡು, ಮೂರು... ಮೂವತ್ತು, ನಲವತ್ತು. ಅಷ್ಟರಲ್ಲಿ ಅಂಗಡಿಯ ಹುಡುಗ ಒಂದು ಝೆರಾಕ್ಸ್ ತೆಗೆದ. ಅಂಕಿ ಸೊನ್ನೆ! ಮತ್ತೆ ಏರಿತು, ಮತ್ತೊಂದು ಝೆರಾಕ್ಸ್, ಮತ್ತೆ ಸೊನ್ನೆ.

ಯಾರೂ ಮೌಸ್ ಮುಟ್ಟಿರಲಿಲ್ಲ. ಆದ್ರೆ ಪ್ರಿಂಟರ್ ಓಡಿದಾಗ ಟೇಬಲ್ ನಡುಗುತ್ತಿತ್ತು. ಆಪ್ಟಿಕಲ್ ಮೌಸ್ ಕೆಳಗಡೆ ಒಂದು ಚಿಕ್ಕ ಕ್ಯಾಮೆರಾ ಇದ್ದಂಗೆ. ಸೆಕೆಂಡಿಗೆ ಸಾವಿರಾರು ಸಲ ಕೆಳಗಿನ ಮೇಲ್ಮೈಯ ಚಿತ್ರ ತೆಗೆದು, ಹಿಂದಿನದಕ್ಕೆ ಹೋಲಿಸಿ, ಎಷ್ಟು ಸರಿದೆ ಅಂತ ಲೆಕ್ಕ ಹಾಕುತ್ತೆ. ಹೋಲಿಸಲು ಮೇಲ್ಮೈಯಲ್ಲಿ ಗೆರೆ, ಒರಟು ಏನಾದ್ರೂ ಬೇಕು. ಗಾಜಿನ ಮೇಲೆ ಅದು ಸರಿಯಾಗಿ ಸಿಗಲ್ಲ, ಹಾಗಾಗಿ ಸಣ್ಣ ನಡುಕವೂ ಅದಕ್ಕೆ ಚಲನೆ ಅನಿಸಿಬಿಡುತ್ತೆ. ಪಾಯಿಂಟರ್ ಕಣ್ಣಿಗೆ ಕಾಣದಷ್ಟು ಸರಿದರೂ ವಿಂಡೋಸ್ ಪ್ರಕಾರ ಯಾರೋ ಕೂತಿದ್ದಾರೆ!

ಪರೀಕ್ಷೆಗೆ ಮೌಸ್ ವೈರ್ ಕಿತ್ತೆವು. ಪ್ರಿಂಟರ್ ಓಡಿದರೂ ಅಂಕಿ 300 ತಲುಪಿತು, ಸ್ಕ್ರೀನ್‌ಸೇವರ್ ಬಂತು. ರಿಪೇರಿ ಖರ್ಚು? ಒಂದು ಹಳೇ ಕ್ಯಾಲೆಂಡರ್‌ನ ರಟ್ಟು ಮೌಸ್ ಕೆಳಗೆ, ಮತ್ತೆ ಪ್ರಿಂಟರ್ ಪಕ್ಕದ ಸ್ಟೂಲ್ ಮೇಲೆ. ಮೌಸ್ ಹಚ್ಚಿ ಮತ್ತೊಮ್ಮೆ ನೋಡಿದೆವು, ಈ ಸಲವೂ ಬಂತು.

ಆದ್ರೆ ಮಾಮಾಗೆ ಇನ್ನೊಂದು ಮಾತನ್ನೂ ಹೇಳಿದೆವು. ಸ್ಕ್ರೀನ್‌ಸೇವರ್ 5 ನಿಮಿಷ ಕಾಯುತ್ತೆ. ಫೋಟೋ ತೆಗೆಯಲು 5 ಸೆಕೆಂಡ್ ಸಾಕು. ಹಾಗಾಗಿ ಎದ್ದು ಹೋಗುವಾಗ ವಿಂಡೋಸ್ ಕೀ ಜೊತೆ ಎಲ್ ಒತ್ತಬೇಕು, ತಕ್ಷಣ ಲಾಕ್ ಆಗುತ್ತೆ. ಸ್ಕ್ರೀನ್‌ಸೇವರ್ ಅನ್ನೋದು ನಾವು ಮರೆತಾಗ ಹಿಡಿಯುವ ಎರಡನೇ ಬಲೆ ಮಾತ್ರ. ಇನ್ನೊಂದು: ಅಕೌಂಟ್‌ಗೆ ಪಾಸ್‌ವರ್ಡೇ ಇಲ್ಲದಿದ್ದರೆ ಆ ಟಿಕ್ ಹಾಕಿ ಉಪಯೋಗ ಇಲ್ಲ, ಯಾರು ಬೇಕಾದ್ರೂ ಒಳಗೆ ಬರ್ತಾರೆ. ಮಾಮಾ ಪರದೆ ಪಕ್ಕ ಚೀಟಿ ಅಂಟಿಸಿದರು: "ಏಳುವ ಮೊದಲು ವಿಂಡೋಸ್ + ಎಲ್". ಪಾಸ್‌ವರ್ಡನ್ನೂ ಅದೇ ಚೀಟಿಯಲ್ಲಿ ಬರೆಯಲು ಹೊರಟಿದ್ದರು, ಕೈ ಹಿಡಿದು ನಿಲ್ಲಿಸಿದೆವು.

ಅಫಜಲಪುರ: ಬರ್ತದ, ಆದ್ರ ಫೋಟೋ ಇಲ್ಲ

ಅಫಜಲಪುರ ತಾಲ್ಲೂಕು ಅಂದ್ರೆ ಭೀಮಾ ನದಿ, ಗಾಣಗಾಪುರದ ದತ್ತನ ಗುಡಿ. ಅಲ್ಲಿ ಗೆಳೆಯನ ಕಾಕಾ ಮನೆಯಲ್ಲಿ ಒಂದು ಡೆಸ್ಕ್‌ಟಾಪ್ ಇದೆ. ಎರಡು ವರ್ಷದ ಹಿಂದೆ ತೀರಿಕೊಂಡ ಮುತ್ಯಾನ ಫೋಟೋಗಳನ್ನೆಲ್ಲ ಕಾಕಾ ಒಂದು ಫೋಲ್ಡರ್‌ಗೆ ಹಾಕಿ, 'ಫೋಟೋಸ್' ಅನ್ನೋ ಸ್ಕ್ರೀನ್‌ಸೇವರ್‌ಗೆ ಕೊಟ್ಟಿದ್ದರು. ಸಂಜೆ ದೀಪ ಹಚ್ಚಿದ ಮೇಲೆ ಆಯಿ ಅದರ ಮುಂದೆ ಕೂರ್ತಾರೆ. ಯಾರೂ ಮೌಸ್ ಮುಟ್ಟಬಾರದು. ಮುತ್ಯಾ ಹೊಲದಲ್ಲಿ, ಮುತ್ಯಾ ತೊಗರಿ ರಾಶಿ ಮುಂದೆ, ಮುತ್ಯಾ ಮೊಮ್ಮಗನ ಜವಳದಲ್ಲಿ, ಒಂದೊಂದೇ ಬರುತ್ತಾ ಹೋಗುತ್ತವೆ. ಆಯಿಗೆ ಅದು ಟಿವಿಗಿಂತ ಹೆಚ್ಚು.

ಒಂದು ದಿನ ಕರೆಂಟ್ ಹೋಗಿ ಬಂದ ಮೇಲೆ ಫೋಟೋ ಬರೋದು ನಿಂತಿತ್ತು. ಆಯಿ ಯಾರಿಗೂ ಜೋರಾಗಿ ಹೇಳಿರಲಿಲ್ಲ. ನಮ್ಮನ್ನು ಕಂಡಾಗ ಕೇಳಿದ್ದು ಇಷ್ಟೇ: "ಅವರು ಮತ್ತ ಬರ್ತಾರೇನಪ್ಪಾ?"

ನಮ್ಮಲ್ಲಿ ಯಾರಿಗೂ ಉತ್ತರ ಕೊಡಲು ಬಾಯಿ ಬರಲಿಲ್ಲ. ಸುಮ್ಮನೆ ಕೂತು ಪ್ರಿವ್ಯೂ ಒತ್ತಿದೆವು. ಸೇವರ್ ಓಡಿತು, ಆದ್ರೆ ಒಂದೂ ಫೋಟೋ ಇಲ್ಲ. ಅಂದ್ರೆ ಸಮಯದ ತಪ್ಪಲ್ಲ, ಸೇವರ್‌ಗೆ ಬೇಕಾದ್ದು ಸಿಗ್ತಿಲ್ಲ. ಸೆಟ್ಟಿಂಗ್ಸ್ ಬಟನ್ ಒತ್ತಿ ಯಾವ ಫೋಲ್ಡರ್ ಕೊಟ್ಟಿದ್ದಾರೆ ನೋಡಿದೆವು. ಇ ಡ್ರೈವ್‌ನ ಒಂದು ಫೋಲ್ಡರ್ ಅಂತ ಇತ್ತು. ಕಂಪ್ಯೂಟರ್‌ನಲ್ಲಿ ಇ ಡ್ರೈವ್ ಇರಲೇ ಇಲ್ಲ.

ಕಾಕಾ ನೆನಪು ಮಾಡಿಕೊಂಡು ಹೇಳಿದರು. ಫೋಟೋಗಳು ಕಂಪ್ಯೂಟರ್ ಒಳಗಿರಲಿಲ್ಲ, ಹಿಂದೆ ಸಿಕ್ಕಿಸಿದ್ದ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ನಲ್ಲಿದ್ದವು. ಕರೆಂಟ್ ಹೋದ ದಿನ ಎಲ್ಲ ವೈರ್ ಕಿತ್ತು ಮತ್ತೆ ಹಚ್ಚುವಾಗ ಮೊದಲು ಪೆನ್‌ಡ್ರೈವ್ ಹಾಕಿದ್ದರು. ಆಗ ಇ ಅನ್ನೋ ಅಕ್ಷರ ಪೆನ್‌ಡ್ರೈವ್‌ಗೆ ಹೋಗಿ, ಹಾರ್ಡ್ ಡಿಸ್ಕ್ ಎಫ್ ಆಯ್ತು. ಆಮೇಲೆ ಪೆನ್‌ಡ್ರೈವ್ ತೆಗೆದುಬಿಟ್ಟರು. ಸ್ಕ್ರೀನ್‌ಸೇವರ್ ಪಾಪ, ಹಳೇ ವಿಳಾಸಕ್ಕೇ ಹೋಗಿ ಬಾಗಿಲು ಬಡೀತಾ ಇತ್ತು.

ಡ್ರೈವ್ ಅಕ್ಷರ ಅನ್ನೋದು ಖಾಯಂ ಹೆಸರಲ್ಲ, ಬಸ್ಸಿನ ಸೀಟಿನ ಥರ. ಎದ್ದು ಇಳಿದು ಬಂದ್ರೆ ಬೇರೆಯವರು ಕೂತಿರಬಹುದು. ಇದಕ್ಕೆ ಎರಡು ದಾರಿ. ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಆ ಹಾರ್ಡ್ ಡಿಸ್ಕ್‌ಗೆ ಅಕ್ಷರಮಾಲೆಯ ಕೊನೆ ಕಡೆಯ ಒಂದು ಅಕ್ಷರ, ಉದಾಹರಣೆಗೆ ಪಿ ಅಥವಾ ಆರ್, ಕೊಡಬಹುದು. ವಿಂಡೋಸ್ ಹೊಸ ಡ್ರೈವ್‌ಗಳಿಗೆ ಸಾಮಾನ್ಯವಾಗಿ ಮೊದಲು ಖಾಲಿ ಇರುವ ಅಕ್ಷರ ಕೊಡುತ್ತೆ, ಹಾಗಾಗಿ ಕೊನೆಯವಕ್ಕೆ ಜಗಳ ಇರಲ್ಲ. ಇನ್ನೊಂದು ದಾರಿ, ಫೋಟೋಗಳನ್ನು ಕಂಪ್ಯೂಟರ್ ಒಳಗಿನ ಪಿಕ್ಚರ್ಸ್ ಫೋಲ್ಡರ್‌ಗೇ ಕಾಪಿ ಮಾಡಿ, ಸೇವರ್‌ಗೆ ಅದನ್ನು ತೋರಿಸೋದು.

ನಾವು ಎರಡನೇ ದಾರಿ ಹಿಡಿದೆವು. ಕಾರಣ ಬೇರೆ ಇತ್ತು. ಕಾಪಿ ಮಾಡುವಾಗ ಗೊತ್ತಾಯ್ತು, ಮುತ್ಯಾನ ಫೋಟೋಗಳು ಇದ್ದದ್ದು ಇಡೀ ಜಗತ್ತಿನಲ್ಲಿ ಅದೊಂದೇ ಹಾರ್ಡ್ ಡಿಸ್ಕ್‌ನಲ್ಲಿ. ತೆಗೆದ ಮೊಬೈಲ್ ಕೆಟ್ಟು ಹೋಗಿ ಬಹಳ ದಿನ ಆಗಿತ್ತು. ಆ ಡಿಸ್ಕ್ ಒಮ್ಮೆ ಕೆಳಗೆ ಬಿದ್ದಿದ್ರೆ ಎಲ್ಲ ಮುಗಿದೇ ಹೋಗ್ತಿತ್ತು. ಸ್ಕ್ರೀನ್‌ಸೇವರ್ ಕೆಟ್ಟಿದ್ದೇ ಒಳ್ಳೇದಾಯ್ತು ಅಂದರು ಕಾಕಾ. ಈಗ ಒಂದು ಕಾಪಿ ಕಂಪ್ಯೂಟರ್‌ನಲ್ಲಿ, ಒಂದು ಹಾರ್ಡ್ ಡಿಸ್ಕ್‌ನಲ್ಲಿ, ಒಂದು ಕಲಬುರಗಿಯಲ್ಲಿರುವ ಮಗಳ ಮನೆಯಲ್ಲಿ. ಮೂರು ಕಾಪಿ, ಅದರಲ್ಲಿ ಒಂದು ಬೇರೆ ಊರಲ್ಲಿ: ಬ್ಯಾಕಪ್‌ಗೆ ಇದಕ್ಕಿಂತ ಸರಳ ಸೂತ್ರ ಇಲ್ಲ.

ಸಂಜೆ ಆಯಿ ಬಂದು ಕೂತರು. ಮೊದಲ ಫೋಟೋ ಬಂದಾಗ ಸೆರಗಿನಿಂದ ಪರದೆಯ ಧೂಳು ಒರೆಸಿದರು. ಮೌಸ್ ಸರಿದು ಸ್ಕ್ರೀನ್‌ಸೇವರ್ ಹೋಯ್ತು! ಮತ್ತೆ ಒಂದು ನಿಮಿಷ ಎಲ್ಲರೂ ಉಸಿರು ಬಿಗಿ ಹಿಡಿದು ಕಾದೆವು. ಬಂತು.

ಜೇವರ್ಗಿ: ಬಟನ್ನೇ ಒತ್ತಕ್ಕ ಬರವಲ್ದು

ಕಲಬುರಗಿಯಿಂದ ಕಟ್ಟಿಸಂಗಾವಿ ಹತ್ತಿರ ಭೀಮಾ ಸೇತುವೆ ದಾಟಿದ್ರೆ ಜೇವರ್ಗಿ ದಾರಿ. ಅಲ್ಲಿನ ಒಂದು ಶಾಲೆಯ ಕಂಪ್ಯೂಟರ್ ಲ್ಯಾಬ್‌ಗೆ ಗೆಳೆಯನ ಹಳೇ ಸರ್ ನಮ್ಮನ್ನು ಕರೆದರು. ಹತ್ತು ಕಂಪ್ಯೂಟರ್. ಮಕ್ಕಳು ಎದ್ದು ಹೋದ ಮೇಲೆ ಪರದೆಗಳು ಹಾಗೇ ಉರೀತಾ ಇರ್ತವೆ, ಸ್ಕ್ರೀನ್‌ಸೇವರ್ ಬಂದ್ರೆ ಕರೆಂಟ್ ಉಳೀತದ ಅನ್ನೋದು ಸರ್ ಲೆಕ್ಕ. ಇನ್ವರ್ಟರ್ ಮೇಲೆ ಓಡುವ ಲ್ಯಾಬ್, ಬ್ಯಾಟರಿ ಬೇಗ ಇಳಿದರೆ ಮುಂದಿನ ಕ್ಲಾಸಿನ ಮಕ್ಕಳಿಗೆ ಪ್ರ್ಯಾಕ್ಟಿಕಲ್ ಇಲ್ಲ.

ಸೆಟ್ಟಿಂಗ್ ಕಿಟಕಿ ತೆರೆದರೆ ಎಲ್ಲ ಬೂದು. ಪ್ರಿವ್ಯೂ ಒತ್ತಲಿಕ್ಕೂ ಬರಲ್ಲ. ಇದು ಗ್ರೂಪ್ ಪಾಲಿಸಿ ಕೆಲಸ. ಕಂಪ್ಯೂಟರ್ ಕೊಟ್ಟವರು ಅಥವಾ ನೋಡಿಕೊಳ್ಳುವವರು 'ಎನೇಬಲ್ ಸ್ಕ್ರೀನ್ ಸೇವರ್' ಅನ್ನೋ ಪಾಲಿಸಿಯನ್ನು ಡಿಸೇಬಲ್ ಮಾಡಿಟ್ಟರೆ ಹೀಗೇ ಆಗುತ್ತೆ. ಯೂಸರ್ ಕಾನ್ಫಿಗರೇಷನ್, ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ಕಂಟ್ರೋಲ್ ಪ್ಯಾನಲ್, ಪರ್ಸನಲೈಸೇಷನ್ ದಾರಿಯಲ್ಲಿ ಅದು ಸಿಗುತ್ತೆ. ರಿಜಿಸ್ಟ್ರಿಯಲ್ಲೂ ಅದರ ಗುರುತು ಇರುತ್ತೆ. ಅಡ್ಮಿನ್ ಪಾಸ್‌ವರ್ಡ್ ಒಂದು ಹಳೇ ಪುಸ್ತಕದಲ್ಲಿ ಬರೆದಿತ್ತು, ನಮ್ಮ ಕೈ ತುರಿಸ್ತಾ ಇತ್ತು. ಎರಡು ನಿಮಿಷದ ಕೆಲಸ.

ಆದ್ರೆ ಮಾಡಲಿಲ್ಲ. ಕಂಪ್ಯೂಟರ್ ನಮ್ಮದಲ್ಲ. ಬೇಕಂತಲೇ ಮುಚ್ಚಿದ ಬಾಗಿಲು ಕೆಟ್ಟ ಬಾಗಿಲಲ್ಲ. ಯಾರು ಮುಚ್ಚಿದರೋ ಅವರನ್ನು ಕೇಳಬೇಕು. ಸರ್ ಫೋನ್ ಹಚ್ಚಿದರು. ಉತ್ತರ ಬಂತು: ಹಿಂದೊಮ್ಮೆ ಯಾರೋ ಹೊರಗಿನಿಂದ ಸ್ಕ್ರೀನ್‌ಸೇವರ್ ತಂದು ಹಾಕಿ ಎಲ್ಲ ಕಂಪ್ಯೂಟರ್‌ಗೆ ವೈರಸ್ ಬಂದಿತ್ತು, ಅದಕ್ಕೇ ಬಂದ್ ಮಾಡಿದ್ದು.

ಆಗ ಸರ್ ಮೆಲ್ಲಗೆ ಜೇಬಿನಿಂದ ಒಂದು ಪೆನ್‌ಡ್ರೈವ್ ತೆಗೆದು ತೋರಿಸಿದರು. ಅದರಲ್ಲಿ ನೆಟ್‌ನಿಂದ ಇಳಿಸಿದ 'ಮೀನಿನ ಅಕ್ವೇರಿಯಂ' ಸ್ಕ್ರೀನ್‌ಸೇವರ್ ಇತ್ತು. ಮಕ್ಕಳಿಗೆ ಖುಷಿ ಆಗ್ತದ ಅಂತ ತಂದಿದ್ದರು. ಮೇಲೆ ಹೇಳಿದ್ದು ನೆನಪಿದೆಯಲ್ಲ, ಡಾಟ್ ಎಸ್‌ಸಿಆರ್ ಅಂದ್ರೆ ಪೂರ್ತಿ ಪ್ರೋಗ್ರಾಂ. ಫೋಟೋ ಅಲ್ಲ, ವಿಡಿಯೋ ಅಲ್ಲ. ಡಬಲ್ ಕ್ಲಿಕ್ ಮಾಡಿದ್ರೆ ಇಎಕ್ಸ್‌ಇ ಏನೇನು ಮಾಡಬಹುದೋ ಅದನ್ನೆಲ್ಲ ಇದೂ ಮಾಡಬಹುದು. ವಿಂಡೋಸ್ ಫೈಲ್ ಹೆಸರಿನ ಬಾಲವನ್ನು ಸಾಮಾನ್ಯವಾಗಿ ಬಚ್ಚಿಡುತ್ತೆ. ಹಾಗಾಗಿ 'ಮದುವೆ ಡಾಟ್ ಜೆಪಿಜಿ ಡಾಟ್ ಎಸ್‌ಸಿಆರ್' ಅನ್ನೋ ಫೈಲ್ ನಿಮಗೆ 'ಮದುವೆ ಡಾಟ್ ಜೆಪಿಜಿ' ಅಂತ ಮಾತ್ರ ಕಾಣುತ್ತೆ. ಈ ಮೋಸ ಬಹಳ ಹಳೇದು, ಈಗಲೂ ನಡೀತದೆ. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಆನ್ ಮಾಡಿಟ್ಟರೆ ಬಾಲ ಕಾಣುತ್ತೆ.

ಸರ್ ಪೆನ್‌ಡ್ರೈವ್ ವಾಪಸ್ ಜೇಬಿಗೆ ಹಾಕಿದರು. "ಮತ್ತ ಕರೆಂಟ್ ಹೆಂಗ ಉಳಸ್ಬೇಕು?" ಅಂದರು.

ಇಲ್ಲಿ ನಮಗೆ ನಿಜವಾದ ಪಾಠ ಸಿಕ್ಕಿತು. ಸ್ಕ್ರೀನ್‌ಸೇವರ್ ಬಂದರೂ ಕರೆಂಟ್ ಉಳಿಯಲ್ಲ! ಎಲ್‌ಸಿಡಿಯಲ್ಲಿ ಬೆಳಕು ಕೊಡೋದು ಹಿಂದಿನ ಬ್ಯಾಕ್‌ಲೈಟ್. ಪರದೆ ಮೇಲೆ ಮೀನು ಈಜಿದರೂ, ಎಕ್ಸೆಲ್ ಶೀಟ್ ಇದ್ದರೂ ಅದು ಉರೀತಾನೇ ಇರುತ್ತೆ. ಮೇಲಾಗಿ ಮೀನು ಈಜಿಸಲು ಪ್ರೊಸೆಸರ್ ಬೇರೆ ದುಡಿಯಬೇಕು. ಉಳಿಸಬೇಕಂದ್ರೆ ಪರದೆ ಆರಬೇಕು. ಅದಕ್ಕೆ ಪವರ್ ಸೆಟ್ಟಿಂಗ್ಸ್‌ನಲ್ಲಿ ಬೇರೆಯೇ ಆಯ್ಕೆ ಇದೆ, ಅದನ್ನು ಯಾರೂ ಮುಚ್ಚಿರಲಿಲ್ಲ. ನೋಡಿಕೊಳ್ಳುವವರನ್ನು ಫೋನಲ್ಲೇ ಕೇಳಿ, ಹತ್ತೂ ಕಂಪ್ಯೂಟರ್‌ನಲ್ಲಿ 3 ನಿಮಿಷಕ್ಕೆ ಪರದೆ ಆರುವಂತೆ ಇಟ್ಟೆವು.

ಲೆಕ್ಕಕ್ಕೆ ಒಂದು ಮಾನಿಟರ್ 20 ವ್ಯಾಟ್ ಅಂತ ಹಿಡಿಯಿರಿ. ಹತ್ತು ಮಾನಿಟರ್ ಅಂದ್ರೆ 200 ವ್ಯಾಟ್. ದಿನಕ್ಕೆ 2 ಗಂಟೆ ಸುಮ್ಮನೆ ಉರಿಯೋದು ತಪ್ಪಿದರೆ 400 ವ್ಯಾಟ್-ಅವರ್ ಉಳಿಯುತ್ತೆ. 12 ವೋಲ್ಟಿನ, 150 ಆಂಪಿಯರ್-ಅವರ್ ಬ್ಯಾಟರಿ ಪೂರ್ತಿ ತುಂಬಿದಾಗ ಹಿಡಿಯೋದು 1800 ವ್ಯಾಟ್-ಅವರ್. ಅಂದ್ರೆ ಐದನೇ ಒಂದು ಭಾಗಕ್ಕಿಂತ ಹೆಚ್ಚು ಸುಮ್ಮನೆ ಹೋಗ್ತಿತ್ತು. ಸರ್ ಇದನ್ನು ಬೋರ್ಡ್ ಮೇಲೆ ಬರೆಸಿ, "ನಾಳೆ ಮಕ್ಕಳಿಗೆ ಇದೇ ಲೆಕ್ಕ ಕೊಡ್ತೀನಿ" ಅಂದರು.

ಊರಿಗೆ ಹೋದಾಗ ಈ ಕ್ರಮದಲ್ಲಿ ನೋಡಿ

1. ಮೊದಲು ಕೇಳಿ: ಸ್ಕ್ರೀನ್‌ಸೇವರ್ ನಿಮಗೆ ಯಾತಕ್ಕೆ ಬೇಕು? ಗುಟ್ಟು ಕಾಯಲಿಕ್ಕಾ, ಕರೆಂಟ್ ಉಳಿಸಲಿಕ್ಕಾ, ನೋಡಲಿಕ್ಕಾ? ಉತ್ತರದ ಮೇಲೆ ರಿಪೇರಿಯೇ ಬದಲಾಗುತ್ತೆ.

2. 'ನನ್' ಅಂತ ಇದೆಯಾ ನೋಡಿ. ಕಾಯುವ ನಿಮಿಷ ಎಷ್ಟಿದೆ ನೋಡಿ. ಪರದೆ ಆರುವ ಸಮಯ ಅದಕ್ಕಿಂತ ಕಡಿಮೆ ಇದ್ದರೆ ಸೇವರ್ ಬರುವ ಮೊದಲೇ ಪರದೆ ಕಪ್ಪಾಗುತ್ತೆ, ನಿಮಗೆ ಕಾಣಲ್ಲ.

3. ಪ್ರಿವ್ಯೂ ಒತ್ತಿ. ಬಂದ್ರೆ ಸಮಯದ ತಪ್ಪು. ಸರಿಯಾಗಿ ಬರದಿದ್ರೆ ಸೇವರ್ ತಪ್ಪು. ಬೂದು ಆಗಿದ್ದರೆ ಅನುಮತಿ ಇಲ್ಲ.

4. ಸಮಯದ ತಪ್ಪಾದರೆ ವಿಡಿಯೋ ಮುಚ್ಚಿ, ಬೇಡಿಕೆ ಕಮ್ಯಾಂಡ್ ಓಡಿಸಿ, ಮೌಸ್ ಕಿತ್ತು ಕಾಯಿರಿ. ಗೇಮ್ ಆಡುವ ಜಾಯ್‌ಸ್ಟಿಕ್ ಇದ್ದರೆ ಅದನ್ನೂ ತೆಗೆದು ನೋಡಿ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ಎರಡು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯ್ತು ಅಂತ ಗೊತ್ತಾಗಲ್ಲ.

5. ಸೇವರ್ ತಪ್ಪಾದರೆ ಮೊದಲು 'ಬ್ಲ್ಯಾಂಕ್' ಆರಿಸಿ ನೋಡಿ. ಅದು ಬಂದ್ರೆ ನಿಮ್ಮ ಸೇವರ್‌ದೇ ಸಮಸ್ಯೆ: ಫೋಟೋ ಫೋಲ್ಡರ್ ಇದೆಯಾ, 3ಡಿ ಸೇವರ್ ಆದ್ರೆ ಗ್ರಾಫಿಕ್ಸ್ ಡ್ರೈವರ್ ಸರಿ ಇದೆಯಾ ನೋಡಿ.

6. ಅನುಮತಿ ಇಲ್ಲದಿದ್ದರೆ ಕೇಳಿ. ಮುರಿಯಬೇಡಿ.

7. ಹೊರಗಿನಿಂದ ಸ್ಕ್ರೀನ್‌ಸೇವರ್ ಇಳಿಸಬೇಡಿ.

ಹಾಸ್ಟೆಲ್‌ನ ಲಿನಕ್ಸ್ ಗೆಳೆಯರಿಗೆ ಒಂದು ಮಾತು. ಗ್ನೋಮ್ 3 ಬಂದ ಮೇಲೆ ಅದರಲ್ಲಿ ಕುಣಿಯುವ ಸ್ಕ್ರೀನ್‌ಸೇವರ್ ಇಲ್ಲವೇ ಇಲ್ಲ, ಪರದೆ ಕಪ್ಪಾಗಿ ಲಾಕ್ ಆಗುತ್ತೆ ಅಷ್ಟೇ. ಹಾಗಾಗಿ ನಿಮ್ಮದು ಕೆಟ್ಟಿಲ್ಲ. ಜೇಮೀ ಝವಿನ್‌ಸ್ಕಿ 1992ರಲ್ಲಿ ಶುರು ಮಾಡಿದ ಎಕ್ಸ್‌ಸ್ಕ್ರೀನ್‌ಸೇವರ್ ಬೇಕಾದ್ರೆ ಹಾಕಿಕೊಳ್ಳಬಹುದು.

ಕೊನೆಗೆ

ಸ್ಕ್ರೀನ್‌ಸೇವರ್ ಈಗ ಯಾರಿಗೂ ಬೇಡದ ವಸ್ತು ಅಂತ ನಾವು ಅಂದ್ಕೊಂಡಿದ್ದೆವು. ಒಂದು ಕಾಲದಲ್ಲಿ ಅದರಿಂದ ದೊಡ್ಡ ಕೆಲಸಗಳೂ ಆಗಿವೆ. 1999ರಲ್ಲಿ ಶುರುವಾದ ಸೆಟಿ ಅಟ್ ಹೋಮ್, ಖಾಲಿ ಕೂತ ಮನೆ ಕಂಪ್ಯೂಟರ್‌ಗಳ ಸ್ಕ್ರೀನ್‌ಸೇವರ್ ಮೂಲಕ ಆಕಾಶದಿಂದ ಬಂದ ರೇಡಿಯೋ ಸಿಗ್ನಲ್‌ಗಳನ್ನು ಶೋಧಿಸುತ್ತಿತ್ತು. 2020ರ ಮಾರ್ಚ್‌ನಲ್ಲಿ ಹೊಸ ಕೆಲಸ ಹಂಚೋದು ನಿಂತಿತು. ನಮ್ಮ ಮೂರು ಊರಲ್ಲಿ ಅಷ್ಟು ದೊಡ್ಡದೇನೂ ನಡೆಯಲಿಲ್ಲ. ಒಬ್ಬ ಮುತ್ಯಾನ ಪಾಸ್‌ಬುಕ್ ನಂಬರ್, ಒಬ್ಬ ಆಯಿಯ ಸಂಜೆ, ಒಂದು ಲ್ಯಾಬಿನ ಬ್ಯಾಟರಿ, ಅಷ್ಟೇ.

ಆದ್ರೆ ಮೂರೂ ಕಡೆ ನಾವು ಮೊದಲು ಮಾಡಿದ ತಪ್ಪು ಒಂದೇ. ದೂರು ಕೇಳಿದ ತಕ್ಷಣ ಕೀಬೋರ್ಡ್‌ಗೆ ಕೈ ಹಾಕಿದೆವು, ಮನುಷ್ಯರನ್ನು ಕೇಳಲಿಲ್ಲ. ಪ್ರಿಂಟರ್ ಓಡಿದಾಗ ಟೇಬಲ್ ಅಲ್ಲಾಡ್ತದ ಅಂತ ಅಂಗಡಿ ಹುಡುಗನಿಗೆ ಮೊದಲೇ ಗೊತ್ತಿತ್ತು. ವೈರ್ ಕಿತ್ತು ಹಚ್ಚಿದ್ದು ಕಾಕಾಗೆ ನೆನಪಿತ್ತು. ಬಾಗಿಲು ಯಾಕೆ ಮುಚ್ಚಿದ್ದು ಅಂತ ಒಂದು ಫೋನ್‌ನಲ್ಲಿ ತಿಳೀತು. ಮುಂದಿನ ರಜೆಗೆ ನೀವೂ ಊರಿಗೆ ಹೋಗ್ತೀರಿ, ನಿಮ್ಮನ್ನೂ ಯಾರಾದ್ರೂ ಕರೀತಾರೆ. ಹೋಗಿ. ಮೊದಲು ಅವರು ಕೊಟ್ಟ ಚಹಾ ಕುಡಿಯಿರಿ, ಅವರ ಮಾತು ಪೂರ್ತಿ ಕೇಳಿ, ಆಮೇಲೆ ಪ್ರಿವ್ಯೂ ಒತ್ತಿ. ನಿಮ್ಮ ಊರಲ್ಲಿ ಇದಕ್ಕಿಂತ ವಿಚಿತ್ರ ಕಾರಣ ಸಿಕ್ಕರೆ ಕ್ಲಬ್‌ಗೆ ಬರೆದು ಕಳಿಸಿ, ನಾವೂ ಕಲೀತೀವಿ.